ಡೈರಿಯ ಮಿಷನ್ನು ಮತ್ತು ಜಯಮ್ಮನ ಹಾಲು

ಅಕ್ಕಾ, ನಿನ್ನ ಹಾಲಿನಲ್ಲಿ ನೀರಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಾಗಿತ್ತು. ಅವತ್ತು ಮಧ್ಯಾಹ್ನ, ನೀನು ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ನಾನು ಹೇಳಲಿಲ್ಲ. ಆಮೇಲೆ ನೀನೇ ಬಂದು ಕೇಳಿದೆ — ಆಗಲೂ ಹೇಳಲಿಲ್ಲ.

ನೀನು ಓದಲಾರೆ. ಆದರೂ ನಿನಗೇ ಬರೆಯುತ್ತಿದ್ದೇನೆ. ಬೇರೆ ಯಾರಿಗೋ ಬರೆಯುತ್ತೇನೆ ಅಂದುಕೊಂಡರೆ ನನ್ನ ಕೈ ನನ್ನ ಕಡೆಗೇ ವಾಲುತ್ತದೆ. ಎರಡು ಸಲ ಬರೆದು ಹರಿದು ಹಾಕಿದ ಮೇಲೆ ಇದು ತಿಳಿಯಿತು. ಓದುವವರು ಇನ್ನೊಬ್ಬರೂ ಇರಬಹುದು. ಅವರಿಗೂ ಅರ್ಥವಾಗಲಿ ಎಂದು ನಿನಗೆ ಗೊತ್ತಿರುವ ಸಂಗತಿಗಳನ್ನೂ ಸೇರಿಸುತ್ತಿದ್ದೇನೆ.

ನೀನು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಬೂದಿಗೆರೆ ಕಡೆಯಿಂದ ನಾನು ಮದುವೆಯಾಗಿ ಸೂಲಿಬೆಲೆ ಹೋಬಳಿಯ ಈ ಊರಿಗೆ ಬಂದಾಗ ಹಸುವಿನ ಹತ್ತಿರ ಹೋಗಲು ಹೆದರುತ್ತಿದ್ದೆ. ಕೈ ಹಿಡಿದು ಕೆಚ್ಚಲು ತೊಳೆಯುವುದನ್ನು ಕಲಿಸಿದವಳು ನೀನು. ಮನೆ ಪಾಲಾದ ಮೇಲೂ ನಡುವಿನ ಗೋಡೆಗೆ ಬಾಗಿಲು ಇಡಿಸಿದವಳು ನೀನು. ನನ್ನ ಗಂಡ ಹೊಸಕೋಟೆ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದಾಗ ನನ್ನ ಮಗಳಿಗೆ ಇನ್ನೂ ಹಾಲುಹಲ್ಲು. ನಾನು ಪಿಯುಸಿ ಓದಿದ್ದೇನೆ ಎನ್ನುವ ಒಂದೇ ಮಾತು ಹಿಡಿದುಕೊಂಡು ನೀನು ಡೈರಿಗೆ ಹೋಗಿ, ಸೆಕ್ರೆಟರಿ ಕೃಷ್ಣಪ್ಪನವರ ಮುಂದೆ ಕೂತು, ನನಗೆ ಹಾಲು ಪರೀಕ್ಷೆ ಮಾಡುವ ಕೆಲಸ ಕೊಡಿಸಿದೆ. ಊರಿನ ಬಾಯಲ್ಲಿ ನಾನು 'ಟೆಸ್ಟರ್ ಮಂಜುಳ' ಆದದ್ದು ನಿನ್ನಿಂದ.

ಇದನ್ನು ಮೊದಲೇ ಬರೆಯಬೇಕು. ಯಾಕೆಂದರೆ ಮುಂದೆ ನಡೆದದ್ದರ ಬೇರು ಇಲ್ಲಿಯೂ ಇದೆ. ಸಾಲಿನಲ್ಲಿ ನಿಂತಾಗ ನೀನು ಹೊಸಬರಿಗೆಲ್ಲ ಹೇಳುತ್ತಿದ್ದೆ — "ನಮ್ ಮಂಜಿಗೆ ಈ ಕೆಲ್ಸ ನಾನೇ ಕೊಡ್ಸಿದ್ದು. ಇಲ್ದಿದ್ರೆ ಪಾಪ, ಎಲ್ಲೋಗಿ ಕೂಲಿ ಮಾಡ್ಬೇಕಿತ್ತೋ." ಪ್ರೀತಿಯಿಂದಲೇ ಹೇಳುತ್ತಿದ್ದೆ. ನಾನು ನಗುತ್ತಿದ್ದೆ. ಪ್ರತಿ ಸಲ ಆ 'ಪಾಪ' ನನ್ನನ್ನು ಎಲ್ಲೋ ಚುಚ್ಚುತ್ತಿತ್ತು. ನೀನು ನನಗೆ ಮಾಡಿದ್ದೆಲ್ಲ ಒಳ್ಳೆಯದೇ. ಒಳ್ಳೆಯದನ್ನೇ ದಿನವೂ ಹೊತ್ತು ತಿರುಗುವುದು — ಹೇಗೆ ಹೇಳಲಿ...

ಡೈರಿಯ ಕೆಲಸ ಹೀಗಿತ್ತು. ಒಬ್ಬೊಬ್ಬರ ಕ್ಯಾನಿನಿಂದ ಸ್ವಲ್ಪ ಹಾಲನ್ನು ಚಿಕ್ಕ ಲೋಟಕ್ಕೆ ತೆಗೆದು ಮಿಷನ್ನಿನ ಸಣ್ಣ ಕೊಳವೆಯ ಕೆಳಗೆ ಹಿಡಿಯಬೇಕು. ಮಿಷನ್ನು ಅದನ್ನು ಎಳೆದುಕೊಂಡು ಒಂದಿಷ್ಟು ಹೊತ್ತು ಗುಂಯ್ ಎನ್ನುತ್ತದೆ. ಕೊಬ್ಬು ಎಷ್ಟು, ಗಟ್ಟಿ ಅಂಶ ಎಷ್ಟು, ನೀರು ಸೇರಿದೆಯೇ ಎಂದು ಲೆಕ್ಕ ಹಾಕಿ, ತನ್ನ ಎದೆಯ ಮೇಲಿನ ಪುಟ್ಟ ಗಾಜಿನಲ್ಲಿ ತೋರಿಸುತ್ತದೆ. ಅದನ್ನೇ ಒಂದು ಕೇಬಲ್ಲಿನ ಮೂಲಕ ಕಂಪ್ಯೂಟರಿಗೂ ಕಳಿಸುತ್ತದೆ. ನಾನು ಸದಸ್ಯರ ನಂಬರ್ ಒತ್ತಿದರೆ ಅವರ ಹೆಸರಿನ ಮುಂದೆ ಆ ಅಂಕಿ ತಾನಾಗಿ ಬಂದು ಕೂರುತ್ತದೆ, ಚೀಟಿ ಹೊರಬರುತ್ತದೆ.

ಆ ಪುಟ್ಟ ಗಾಜನ್ನು ನಮ್ಮ ಡೈರಿಯಲ್ಲಿ ಯಾರೂ ನೋಡುತ್ತಿರಲಿಲ್ಲ. ಮೊದಮೊದಲು ನೋಡುತ್ತಿದ್ದರು. ಗಾಜಿನಲ್ಲಿ ಬಂದ ಅಂಕಿಗೂ ಕಂಪ್ಯೂಟರಿನ ಅಂಕಿಗೂ ಕೊನೆಯ ಪಾಯಿಂಟಿನಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಬಂದರೆ ಸಾಕು, ಸಾಲೆಲ್ಲ ಜಗಳಕ್ಕೆ ನಿಲ್ಲುತ್ತಿತ್ತು. "ಅಲ್ಲಿ ಒಂದು, ಇಲ್ಲಿ ಒಂದು, ಯಾವ್ದ್ರೀ ನಂಬೋದು?" ಬೇಸತ್ತ ಕೃಷ್ಣಪ್ಪನವರು ಒಂದು ಆಯುಧಪೂಜೆಯ ದಿನ ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಆ ಗಾಜಿನ ಮೇಲೆ ಸರಿಯಾಗಿ ಲಕ್ಷ್ಮಿಯ ಒಂದು ಸ್ಟಿಕ್ಕರ್ ಅಂಟಿಸಿಬಿಟ್ಟರು. ದೇವರನ್ನು ಕಿತ್ತು ನೋಡುವ ಧೈರ್ಯ ಯಾರಿಗೆ? ಜಗಳ ನಿಂತಿತು. ಅಂದಿನಿಂದ ಕಂಪ್ಯೂಟರ್ ಹೇಳಿದ್ದೇ ಸತ್ಯ.

ಆ ಕೇಬಲ್ಲಿನ ತುದಿಯ ಮೂತಿ ಕಂಪ್ಯೂಟರಿಗೆ ನೇರವಾಗಿ ಹೊಂದುತ್ತಿರಲಿಲ್ಲ. ನಡುವೆ ಬೆರಳುದ್ದದ ಒಂದು ಕನ್ವರ್ಟರ್ ಇತ್ತು. ಅದು ಸಡಿಲವಾಗಿತ್ತು. ಅಕ್ಕಾ, ಇದು ನನ್ನ ಮೊದಲ ತಪ್ಪು, ಸರಿಯಾಗಿ ಕೇಳಿಸಿಕೋ — ಅದು ಸಡಿಲವಾಗಿದ್ದು ನನಗೆ ಗೊತ್ತಿತ್ತು. ಅಂಕಿ ಒಮ್ಮೊಮ್ಮೆ ಬರುತ್ತಿರಲಿಲ್ಲ. ನಾನು ಅಲ್ಲಾಡಿಸಿದರೆ ಬರುತ್ತಿತ್ತು. "ರಿಪೇರಿಯವರಿಗೆ ಫೋನ್ ಮಾಡಮ್ಮ" ಎಂದು ಕೃಷ್ಣಪ್ಪನವರು ಹೇಳಿದ್ದರು. ನಾಳೆ ಮಾಡೋಣ ಎಂದು, ಮನೆಯಿಂದ ತಂದ ಗಾಯದ ಪಟ್ಟಿಯನ್ನು ಅದಕ್ಕೆ ಸುತ್ತಿ ಕೂರಿಸಿದ್ದೆ. ಆ ನಾಳೆ ಬರುವಷ್ಟರಲ್ಲಿ ನಿನ್ನ ಸರದಿ ಬಂತು.

ಆ ಬೆಳಗ್ಗೆ ನಿನಗಿಂತ ಮುಂಚೆ ನಿಂತಿದ್ದವರ ಹಾಲು ಒಡೆದಿತ್ತು. ಕೊಳವೆ ಕಟ್ಟಿಕೊಂಡಿತು. ಅವರನ್ನು ವಾಪಸ್ ಕಳಿಸಿ, ಒಂದು ಲೋಟ ನೀರು ಹಿಡಿದು ಮಿಷನ್ನಿಗೆ ಕುಡಿಸಿದೆ. ಕೊಳವೆ ತೊಳೆಯುವುದು ಹಾಗೆಯೇ. ಒಳಗೆ ಉಳಿದ ಹಾಲಿನ ಜೊತೆ ಸೇರಿ ಆ ನೀರನ್ನೂ ಮಿಷನ್ನು ಅಳೆಯುತ್ತದೆ. ಆದರೆ ಯಾರ ನಂಬರೂ ಒತ್ತಿಲ್ಲದ್ದರಿಂದ ಕಂಪ್ಯೂಟರ್ ಅದನ್ನು ಬಿಟ್ಟುಬಿಡುತ್ತದೆ. ಬಿಟ್ಟುಬಿಡಬೇಕು. ಆಮೇಲೆ ನೀನು ಬಂದೆ. ತಲೆಗೆ ಸೆರಗು ಹೊದ್ದು, ಬೆಳ್ಳಗೆ ಉಜ್ಜಿದ ಕ್ಯಾನು ಹಿಡಿದು. ನಿನ್ನ ಹಸು ಗೌರಿಯ ಹಾಲು ಎಂದರೆ ಡೈರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷದ ಸಭೆಯಲ್ಲಿ ಒಳ್ಳೆಯ ಹಾಲಿಗೆಂದು ನಿನಗೆ ಸ್ಟೀಲಿನ ಕೊಳಗ ಕೊಟ್ಟಿದ್ದರು. ನಾನು ನಿನ್ನ ನಂಬರ್ ಒತ್ತಿದೆ. ಲೋಟ ಹಿಡಿದೆ. ಅಂಕಿ ಬಂತು.

ನೀರು — ಮೂರನೇ ಒಂದು ಪಾಲಿಗಿಂತ ಹೆಚ್ಚು.

ಕಂಪ್ಯೂಟರಿನ ಮುಖ ಸಾಲಿನ ಕಡೆಗೇ ತಿರುಗಿತ್ತು. ಯಾರೂ ಜೋರಾಗಿ ಓದಿ ಹೇಳಬೇಕಾಗಿರಲಿಲ್ಲ. ನಿನ್ನ ಹಿಂದೆ ನಿಂತಿದ್ದ ರಾಮಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ಹಿಂದಿನಿಂದ ಯಾರೋ ಗಂಡಸು ಅಂದ — "ಏನ್ ಜಯಮ್ಮೋ, ಬೋರ್ ನೀರೋ, ಟ್ಯಾಂಕರ್ ನೀರೋ?" ಇನ್ನೊಬ್ಬ, "ಸುಮ್ನಿರ್ಲಾ, ಗೌರಿಗೆ ಬಾಯಾರಿಕೆ ಆಗಿರ್ತದೆ, ಜಾಸ್ತಿ ಕುಡಿದ್ಬಿಟ್ಟದೆ." ಸಾಲು ನಕ್ಕಿತು. ಕೃಷ್ಣಪ್ಪನವರು ಕುರ್ಚಿಯಿಂದ ಎದ್ದು ಬಂದು ನೋಡಿ, ತಲೆ ಕೆರೆದುಕೊಂಡು, "ಜಯಮ್ಮೋರೇ, ನಿಮ್ ಹಾಲು ಅಂತ ನಾನ್ ಬಿಡಕ್ಕಾಗಲ್ಲ. ರೂಲ್ಸು ಎಲ್ಲಾರ್ಗೂ ಒಂದೇ" ಅಂದರು.

ನೀನು ಅವರನ್ನು ನೋಡಲಿಲ್ಲ. ನಕ್ಕವರನ್ನೂ ನೋಡಲಿಲ್ಲ. ನನ್ನನ್ನು ನೋಡಿದೆ.

ಇನ್ನೊಂದು ಸಲ ಹಾಕಿ ನೋಡುತ್ತೇನೆ ಎಂದು ನಾನು ಹೇಳಬಹುದಿತ್ತು. ಅಷ್ಟೇ ಸಾಕಾಗಿತ್ತು. ಲೋಟದಲ್ಲಿ ಇನ್ನೂ ನಿನ್ನ ಹಾಲು ಉಳಿದಿತ್ತು. ನಾನು ಯಾಕೆ ಹೇಳಲಿಲ್ಲ? ಸಾಲು ಉದ್ದವಿತ್ತು, ಹಾಲಿನ ವ್ಯಾನು ಬರುವ ಹೊತ್ತಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದಲ್ಲ. ಆ ಒಂದು ಗಳಿಗೆ, ಅಕ್ಕಾ — ನನಗೆ ಸಂತೋಷವಾಯಿತು. ದೊಡ್ಡ ಸಂತೋಷವಲ್ಲ, ಕಾಲಿಗೆ ಚುಚ್ಚಿದ ಮುಳ್ಳು ತೆಗೆದಾಗ ಆಗುತ್ತದಲ್ಲ, ಅಂಥದ್ದು. ನೀನೂ ಒಂದು ದಿನ ತಲೆ ತಗ್ಗಿಸಿದೆ, ಅದೂ ನನ್ನ ಮೇಜಿನ ಮುಂದೆ. ಇಷ್ಟು ವರ್ಷ ಇದೊಂದನ್ನು ಮಾತ್ರ ನಾನು ನನಗೂ ಹೇಳಿಕೊಂಡಿರಲಿಲ್ಲ. ಮಿಷನ್ನಿನದು, ಕೇಬಲ್ಲಿನದು ಎಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ನನಗೆ ಮಿಷನ್ನಿನ ಮೇಲೆ ಅನುಮಾನವೇ ಬರಲಿಲ್ಲ. ನಿನ್ನ ಮೇಲೆ ಬಂತು.

ನೀನು ಕ್ಯಾನಿನ ಮುಚ್ಚಳ ಹಾಕಿದೆ. ಎತ್ತಿಕೊಂಡು ಹೊರಟೆ. ನಿನ್ನ ನಂತರ ರಾಮಕ್ಕನ ಹಾಲು ಹಿಡಿದೆ. ಅವಳ ಹಾಲು ಯಾವಾಗಲೂ ತೆಳು. ಅವತ್ತು ಬಂದ ಕೊಬ್ಬನ್ನು ನೋಡಿ ಅವಳೇ ನಂಬಲಿಲ್ಲ. "ಅಯ್ಯೋ ನನ್ನವ್ವನೇ! ನನ್ ಹಸಕ್ಕೆ ಇವತ್ ಏನಾಯ್ತೇ ಮಂಜೀ?" ಎಂದು ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಅದು ನಿನ್ನ ಅಂಕಿ, ಅಕ್ಕಾ. ಗೌರಿಯ ಹಾಲಿನ ಅಂಕಿ. ನನ್ನ ಕಣ್ಣ ಮುಂದೆಯೇ ಅವಳ ಹೆಸರಿಗೆ ಹೋಗಿ ಕೂತಿತು.

ಸಾಲು ಮುಗಿದು, ವ್ಯಾನು ಹೋಗಿ, ಕೃಷ್ಣಪ್ಪನವರೂ ಮನೆಗೆ ಹೋದ ಮೇಲೆ ನಾನೊಬ್ಬಳೇ ಮಿಷನ್ನು ತೊಳೆಯಲು ಕೂತೆ. ಆಗ ರಾಮಕ್ಕನ ಚೀಟಿಯ ನೆನಪಾಯಿತು. ಅವಳ ಹಾಲು ಹಾಗೆ ಬರಲು ಸಾಧ್ಯವೇ ಇಲ್ಲ. ಕೊಳವೆಗೆ ನೀರು ಹಿಡಿದು, ಸುಮ್ಮನೆ ನನ್ನದೇ ನಂಬರ್ ಒತ್ತಿದೆ. ಕಂಪ್ಯೂಟರಿನಲ್ಲಿ ಒಳ್ಳೆಯ ಹಾಲಿನ ಅಂಕಿ ಬಂತು. ನೀರು ಹಿಡಿದರೆ ಹಾಲು! ಉಗುರಿನಿಂದ ಲಕ್ಷ್ಮಿಯ ಸ್ಟಿಕ್ಕರಿನ ಒಂದು ಮೂಲೆ ಎತ್ತಿದೆ. ಮಿಷನ್ನಿನ ಗಾಜಿನಲ್ಲಿ ಸರಿಯಾಗಿತ್ತು — ಕೊಬ್ಬು ಸೊನ್ನೆ, ಬರೀ ನೀರು. ತೆಗೆದಿಟ್ಟಿದ್ದ ಒಂದು ಲೋಟ ಹಾಲು ಹಿಡಿದೆ. ಗಾಜಿನಲ್ಲಿ ಹಾಲು. ಕಂಪ್ಯೂಟರಿನಲ್ಲಿ, ಈಗ, ನೀರು.

ಮಿಷನ್ನು ಸರಿಯಾಗಿಯೇ ಅಳೆಯುತ್ತಿತ್ತು. ಅದು ಹೇಳಿದ್ದು ನಡುವೆ ಎಲ್ಲೋ ಸಿಕ್ಕಿಕೊಂಡು, ಕಂಪ್ಯೂಟರಿಗೆ ಒಂದು ಸರದಿ ತಡವಾಗಿ ಮುಟ್ಟುತ್ತಿತ್ತು. ಹಿಂದಿನವರದು ಮುಂದಿನವರಿಗೆ. ಊರಿನ ಎಲ್ಲ ಸೀಮೆ ಹಸುಗಳ ಹಾಲೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ರಾಮಕ್ಕನೊಬ್ಬಳನ್ನು ಬಿಟ್ಟರೆ ಬೇರೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನಿನಗೆ ಮಾತ್ರ, ನಾನು ಕೊಳವೆ ತೊಳೆದ ನೀರು ಬಂದಿತ್ತು.

ಆಮೇಲೆ ಪಟ್ಟಿ ಬಿಚ್ಚಿ ಕನ್ವರ್ಟರನ್ನು ಕಿತ್ತು, ಸೆರಗಿನಿಂದ ಒರೆಸಿ, ಮತ್ತೆ ಬಿಗಿಯಾಗಿ ಚುಚ್ಚಿದೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದೆ. ಎಲ್ಲ ಸರಿಯಾಯಿತು. ನೀರಿಗೆ ನೀರು, ಹಾಲಿಗೆ ಹಾಲು. ಸ್ಟಿಕ್ಕರಿನ ಮೂಲೆಗೆ ಎಂಜಲು ಹಚ್ಚಿ ಒತ್ತಿದೆ. ದೇವರ ಪಟಕ್ಕೆ ಎಂಜಲು.

ಮನೆಗೆ ಓಡಿಬಂದು ನಿನ್ನ ಕಾಲು ಹಿಡಿಯಬೇಕಿತ್ತು. ನಡುವಿನ ಬಾಗಿಲವರೆಗೂ ಬಂದೆ. ಹೇಳಿದರೆ ಬೆಳಗಿನ ಎಲ್ಲರ ಅಂಕಿಯೂ ತಪ್ಪು ಎನ್ನಬೇಕು. ಫೋನ್ ಮಾಡು ಎಂದಿದ್ದರೂ ಮಾಡದೆ ಪಟ್ಟಿ ಸುತ್ತಿದ್ದನ್ನು ಹೇಳಬೇಕು. ಕೆಲಸ ಹೋದರೆ? ಮಗಳು? — ಇದನ್ನೆಲ್ಲ ಯೋಚಿಸಿದೆ. ನಿನ್ನನ್ನು ಬಿಟ್ಟು ಎಲ್ಲವನ್ನೂ ಯೋಚಿಸಿದೆ.

ಅವತ್ತು ಸಂಜೆ ನೀನೇ ನನ್ನ ಅಡುಗೆಮನೆಯ ಬಾಗಿಲಿಗೆ ಬಂದೆ. ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದೆ.

"ಮಂಜೀ, ನನ್ ಮೇಲಾಣೆ, ನಿಜ ಹೇಳು. ಮಿಷನ್ನು ಏನಾದ್ರೂ ತಪ್ಪು ತೋರಿಸ್ತೇನೇ?"

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಅದನ್ನೇ ನೋಡುತ್ತಾ ಹೇಳಿದೆ —

"ಮಿಷನ್ ಯಾಕಕ್ಕಾ ಸುಳ್ಳು ಹೇಳ್ತದೆ?"

ನೀನು "ಅದೂ ಸರಿಯೇ" ಅಂದೆ. ಹೋದೆ.

ಮಿಷನ್ನು ಸುಳ್ಳು ಹೇಳಿರಲಿಲ್ಲ ನಿಜ. ನನ್ನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಅಂಥ ಸಮಾಧಾನ ಮಾಡಿಕೊಳ್ಳುವ ಬುದ್ಧಿ ಯಾವ ಶಾಲೆಯಲ್ಲಿ ಕಲಿತೆನೋ.

ನಾನು ಹೇಳಿದ್ದನ್ನು ನೀನು ನಂಬಿದೆ. ನಂಬಿದ ಮೇಲೆ ನೀರು ಹಾಕಿದವರನ್ನು ಹುಡುಕಲೇಬೇಕಲ್ಲ. ನೀನು ಹಾಕಿಲ್ಲ. ಹಾಲು ಕರೆದು ಕೊಟ್ಟಿಗೆಯಿಂದ ಜಗಲಿಗೆ ತಂದಿಟ್ಟವರು ಭಾವ. ನಂಜಪ್ಪ ಭಾವನಿಗೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಸ್ನೇಹಿತ. ಆಗಾಗ ನಿನಗೆ ಕಾಣದ ಹಾಗೆ ಒಂದು ಚೊಂಬು ಹಾಲನ್ನು ಅವನಿಗೆ ಕೊಟ್ಟು, ಎರಡು ಟೀ, ಒಂದು ಕಟ್ಟು ಬೀಡಿ ಪಡೆಯುವುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ನಿನಗೂ ಗೊತ್ತಿತ್ತು, ನಗಾಡುತ್ತಿದ್ದೆ. ಆ ರಾತ್ರಿ ನಗಲಿಲ್ಲ. ಗೋಡೆಯ ಈಚೆ ನನಗೆ ಎಲ್ಲ ಕೇಳಿಸಿತು.

"ಚೊಂಬು ಹಾಲು ಕೊಡ್ತೀಯಾ, ಕೊಟ್ಕೊ. ಅದರ ಜಾಗಕ್ಕೆ ನೀರು ಯಾಕಯ್ಯಾ ಹಾಕ್ದೆ?"

"ಗೌರಿ ಮೇಲಾಣೆ ಕಣೇ, ನಾನಲ್ಲ."

"ಮಿಷನ್ ಯಾಕೆ ಸುಳ್ಳು ಹೇಳ್ತದೆ?"

ನನ್ನ ಮಾತು, ನಿನ್ನ ದನಿಯಲ್ಲಿ.

ಅಲ್ಲಿಂದ ಮುಂದೆ ನೀನು ಡೈರಿಯ ಮೆಟ್ಟಿಲು ಹತ್ತಲಿಲ್ಲ. ಕೃಷ್ಣಪ್ಪನವರೇ ಮನೆಗೆ ಬಂದು ಕರೆದರೂ ಹತ್ತಲಿಲ್ಲ. ಆಷಾಢ ಮುಗಿಯುವ ಮೊದಲೇ ಗೌರಿಯನ್ನು ಮಾರಿದೆ. ಕೊಂಡವನು ಹಗ್ಗ ಹಿಡಿದು ಎಳೆದಾಗ ಅದು ನಮ್ಮ ಬೀದಿಯ ತಿರುವಿನವರೆಗೂ ಹಿಂದೆ ತಿರುಗಿ ಕೂಗಿತು. ನೀನು ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಭಾವನಿಗೆ ಹೊತ್ತುಹೊತ್ತಿಗೆ ಊಟ ಬಡಿಸಿದೆ, ಬಟ್ಟೆ ಒಗೆದೆ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಆದರೆ ಅವರು ಕೈಯಾರೆ ತಂದುಕೊಟ್ಟ ಕಾಫಿಯನ್ನಾಗಲಿ ಮಜ್ಜಿಗೆಯನ್ನಾಗಲಿ ನೀನು ಮುಟ್ಟಲಿಲ್ಲ. ಯಾರಿಗೂ ಕಾಣದಂಥ ಶಿಕ್ಷೆ ಅದು. ಗೋಡೆಯ ಈಚೆ ಇದ್ದ ನನಗೆ ಕಾಣುತ್ತಿತ್ತು.

ಕನ್ವರ್ಟರ್ ಆ ತಿಂಗಳಲ್ಲೇ ಪೂರ್ತಿ ಕೆಟ್ಟಿತು. ಕಂಪ್ಯೂಟರಿಗೆ ಮಿಷನ್ನು ಇದೆ ಎನ್ನುವುದೇ ಕಾಣದಾಯಿತು. ಹೊಸಕೋಟೆಯಿಂದ ಇಮ್ರಾನ್ ಎನ್ನುವ ರಿಪೇರಿಯವರು ಬಂದರು. ಅವರು ಮೊದಲು ಕೇಬಲ್ ಬಿಚ್ಚಿ ತಮ್ಮ ಲ್ಯಾಪ್‌ಟಾಪಿಗೆ ಹಾಕಿ ನೋಡಿದರು, ಆಮೇಲೆ ತಮ್ಮದೇ ಕನ್ವರ್ಟರ್ ಹಾಕಿ ನೋಡಿದರು. ಲಕ್ಷ್ಮಿಯನ್ನು ನೋಡಿ ನಕ್ಕು, "ಅಕ್ಕಾ, ತಪ್ಪು ತಿಳ್ಕೋಬೇಡಿ, ಅಮ್ಮನ್ನ ಸ್ವಲ್ಪ ಪಕ್ಕಕ್ಕೆ ಕೂರಿಸ್ತೀನಿ. ಮಿಷನ್ ಏನ್ ಹೇಳ್ತದೆ ಅಂತ ನೋಡ್ದೆ ಕಂಪ್ಯೂಟರ್ ಮಾತೊಂದೇ ಕೇಳಿದ್ರೆ ಹೆಂಗೆ?" ಎಂದು ಸ್ಟಿಕ್ಕರನ್ನು ನಾಜೂಕಾಗಿ ಎಬ್ಬಿಸಿ ಮಿಷನ್ನಿನ ಪಕ್ಕೆಗೆ ಅಂಟಿಸಿದರು. ನಮ್ಮ ಹಳೆಯ ಕನ್ವರ್ಟರನ್ನು ಕೈಯಲ್ಲಿ ಹಿಡಿದು ತೋರಿಸಿದರು. ಒಳಗಿನ ತಂತಿಗಳಿಗೆ ಹಸಿರು ಕಿಲುಬು ಹಿಡಿದಿತ್ತು.

"ಇದು ಹಿಂಗಾದ್ರೆ ಅಂಕಿ ಒಂದೊಂದ್ಸಲ ಒಳಗೇ ಕೂತ್ಕೊಂಡ್ಬಿಡ್ತದೆ. ಆಮೇಲೆ ಒಬ್ರದು ಇನ್ನೊಬ್ರಿಗೆ ಹೋಗ್ತದೆ. ನಿಮಗೆ ಹಂಗೇನಾದ್ರೂ ಆಗಿತ್ತಾ ಅಕ್ಕಾ?"

ಕೃಷ್ಣಪ್ಪನವರು ಅಲ್ಲೇ ಇದ್ದರು. ಬಾಯಿ ತೆರೆಯಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಗುವುದು ಸಾಧ್ಯವಿರಲಿಲ್ಲ. ಇಮ್ರಾನೇ ಮುಕ್ಕಾಲು ಹೇಳಿದ್ದರು. ನಾನು ಹೌದು ಎಂದಿದ್ದರೆ ಸಾಕಿತ್ತು.

"ಇಲ್ಲಪ್ಪ," ಅಂದೆ. "ಇವತ್ತೇ ಕೆಟ್ಟಿದ್ದು."

ಮೊದಲನೆಯದನ್ನು ಹೆದರಿಕೆ ಎನ್ನಬಹುದೇನೋ. ಇದನ್ನು ಏನೆಂದು ಕರೆಯಲಿ?

ಹತ್ತು ವರ್ಷದ ಹತ್ತಿರ ಆಯಿತು. ಕೃಷ್ಣಪ್ಪನವರು ಹೋದರು, ಈಗ ಬೇರೆ ಸೆಕ್ರೆಟರಿ. ಮಿಷನ್ನೂ ಬದಲಾಯಿತು. ನಾನು ಅಲ್ಲೇ ಇದ್ದೇನೆ. ಹೊಸ ಕೇಬಲ್ಲನ್ನು ದಿನಾ ಬೆಳಗ್ಗೆ ಎರಡೂ ತುದಿ ಮುಟ್ಟಿ ನೋಡುತ್ತೇನೆ. "ಮಂಜಮ್ಮೋರು ಬಾಳ ನಿಯತ್ತು" ಎನ್ನುತ್ತಾರೆ. ಅನ್ನಲಿ ಎಂದು ಬಿಟ್ಟಿದ್ದೆ.

ನಿನಗೆ ಹೊಟ್ಟೆಯಲ್ಲಿ ಗಂಟು ಎಂದು ಗೊತ್ತಾದಾಗ ಡಾಕ್ಟರ ಕೈ ಮೀರಿತ್ತು. ಕೊನೆಯ ದಿನಗಳಲ್ಲಿ ನಿನ್ನನ್ನು ಮಗ್ಗುಲು ತಿರುಗಿಸಿ, ಬೆನ್ನು ಒರೆಸಿ, ತಲೆ ಬಾಚಿದವಳು ನಾನು. ನೋಡಲು ಬಂದವರಿಗೆಲ್ಲ ನೀನು ಹೇಳುತ್ತಿದ್ದೆ — "ಒಡಹುಟ್ಟಿದವ್ಳೂ ಇಂಗೆ ಮಾಡಲ್ಲ." ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಹೇಳಿಬಿಡಬೇಕು ಎಂದು ನಿನ್ನ ಕೈ ಹಿಡಿದುಕೊಂಡೆ. ನೀನು ಕಣ್ಣು ತೆರೆದು, "ಯಾಕೇ ಅಳ್ತೀಯ, ನಾನಿನ್ನೂ ಸತ್ತಿಲ್ಲ" ಎಂದು ನಕ್ಕೆ. ಆ ನಗು ಕೆಡಿಸಬಾರದು ಅನ್ನಿಸಿತು — ಇಲ್ಲ, ಹೀಗೂ ಬರೆಯಬಾರದು. ನಿನ್ನ ಮುಖದಲ್ಲಿ ನನ್ನ ಬಗೆಗಿದ್ದ ಪ್ರೀತಿ ಹೋಗಿಬಿಡುತ್ತದೆ ಎಂದು ಹೆದರಿದೆ. ಅಷ್ಟೇ. ಅದು ನನಗೆ ಬೇಕಿತ್ತು.

ನಿನ್ನ ತಿಥಿ ಮುಗಿದು ನೆಂಟರೆಲ್ಲ ಹೋದ ಸಂಜೆ ಭಾವ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಟೀ ಕೊಡಲು ಹೋದೆ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ತಾವಾಗಿಯೇ ಮಾತು ತೆಗೆದರು.

"ಅವ್ಳು ಹೋಗೋಕೆ ಎರಡು ದಿನ ಮುಂಚೆ ಒಪ್ಕೊಂಡ್ಬಿಟ್ಟೆ ಕಣಮ್ಮ. ಆ ಹಾಲಿಗೆ ನೀರು ಹಾಕಿದ್ದು ನಾನೇ ಅಂತ."

"ಭಾವಾ, ನೀವು... ಹಾಕಿದ್ರಾ?"

"ನಾನ್ಯಾಕಮ್ಮ ಹಾಕ್ಲಿ? ಬೀಡಿ ಸೇದಿರ್ಬೋದು, ಹಾಲಿಗೆ ನೀರ್ ಹಾಕೋ ಜಾತಿ ಅಲ್ಲ ನಾನು. ಆದ್ರೆ ಅವ್ಳಿಗೆ ಅದೊಂದು ಒಳಗೇ ಕೊರೀತಿತ್ತು. ಇಷ್ಟು ವರ್ಷ ನಾನಲ್ಲ ನಾನಲ್ಲ ಅಂತ ಹಟ ಹಿಡಿದು ಏನ್ ಗೆದ್ದೆ? ಹೂಂ ಅಂದ್ಬಿಟ್ರೆ ನೆಮ್ಮದಿಯಾಗಿ ಹೋಗ್ತಾಳೆ ಅನ್ನಿಸ್ತು. ಅಂದೆ. ನಕ್ಕಳು. 'ನಂಗೊತ್ತಿತ್ತು ಬಿಡು, ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ' ಅಂದ್ಳು. ಆಮೇಲೆ ನನ್ ಕೈಯಿಂದಾನೇ ನಾಲ್ಕು ಚಮಚ ಗಂಜಿ ಕುಡಿದ್ಳು."

ಅವರು ಟೀ ಕುಡಿದರು. ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಅವತ್ತೂ ಹೇಳಲಿಲ್ಲ.

ಮಾಡದ ತಪ್ಪನ್ನು ಒಪ್ಪಿಕೊಳ್ಳುವವರು ಗೋಡೆಯ ಆ ಕಡೆ. ಮಾಡಿದ್ದನ್ನು ಒಪ್ಪದವಳು ಈ ಕಡೆ. ಮೂರು ದಿನ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಹೋಗಿ ಭಾವನ ಮುಂದೆ ನೆಲದ ಮೇಲೆ ಕೂತು ಹೇಳಿದೆ. ಕೊಳವೆ ತೊಳೆದ ನೀರು, ಸಡಿಲ ಕನ್ವರ್ಟರ್, ರಾಮಕ್ಕನ ಚೀಟಿ, ಮಧ್ಯಾಹ್ನ ನಾನು ಕಂಡದ್ದು, ಸಂಜೆ ನಿನಗೆ ಕೊಟ್ಟ ಉತ್ತರ, ಇಮ್ರಾನಿಗೆ ಹೇಳಿದ ಸುಳ್ಳು. ನನಗಾದ ಸಂತೋಷವನ್ನೂ ಹೇಳಿದೆ. ಎಲ್ಲ ಮುಗಿದ ಮೇಲೆ ಭಾವ ಒಂದು ಪ್ರಶ್ನೆ ಕೇಳಿದರು.

"ಅವ್ಳು ಬಂದು ಕೇಳ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ."

ಅವರು ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಕೊಟ್ಟಿಗೆಯ ಕಡೆ ನೋಡಿದರು. ಅಲ್ಲಿ ಈಗ ಸೌದೆ, ಹಳೆಯ ಸೈಕಲ್ಲು. ಆಮೇಲೆ ಅಂದರು:

"ನನ್ನತ್ರ ಹೇಳಿ ಏನ್ ಬಂತಮ್ಮ? ನಾನು ಹಾಕಿಲ್ಲ ಅಂತ ನಂಗ್ ಮೊದ್ಲಿಂದ ಗೊತ್ತು. ಅವ್ಳು ತಲೆ ತಗ್ಗಿಸಿದ್ದು ಡೈರೀಲಿ. ಹೋಗಿ ಅಲ್ಲಿ ಹೇಳು."

ಎದ್ದು ಒಳಗೆ ಹೋದರು. ಆಮೇಲೆ ಇಂದಿನವರೆಗೂ ನನ್ನೊಂದಿಗೆ ಮಾತಿಲ್ಲ. ನಾನು ಇಟ್ಟ ಊಟದ ತಟ್ಟೆ ಜಗಲಿಯ ಮೇಲೆ ಹಾಗೇ ಇರುತ್ತದೆ.

ಇವತ್ತು ಬೆಳಗ್ಗೆ ಹೇಳಿದೆ, ಅಕ್ಕಾ. ಸಾಲು ತುಂಬುವವರೆಗೂ ಕಾದು, ಮೇಜಿನ ಹಿಂದಿನಿಂದ ಎದ್ದು ಮುಂದೆ ಬಂದು ನಿಂತು ಹೇಳಿದೆ. "ಎಲ್ರೂ ಒಂದ್ ನಿಮಿಷ ಕೇಳಿ. ಜಯಮ್ಮನ ಹಾಲಿಗೆ ನೀರು ಹಾಕಿರ್ಲಿಲ್ಲ. ತಪ್ಪು ನಂದು. ಗೊತ್ತಿದ್ದೂ ಮುಚ್ಚಿಟ್ಟೆ."

ಕೇಳಬೇಕಾದವರೆಲ್ಲ ಎಲ್ಲಿ? ಅವತ್ತು ನಕ್ಕವರಲ್ಲಿ ಒಬ್ಬ ಹೋಗಿಬಿಟ್ಟ. ಇನ್ನೊಬ್ಬ ಜಮೀನು ಕೊಟ್ಟು ದೇವನಹಳ್ಳಿಯಲ್ಲಿ ಮನೆ ಕಟ್ಟಿದ್ದಾನೆ. ರಾಮಕ್ಕನಿಗೆ ಕಿವಿ ಕೇಳಿಸದು. ಸಾಲಿನಲ್ಲಿದ್ದವರು ಹೆಚ್ಚಿನವರು ಆಮೇಲೆ ಬಂದ ಸೊಸೆಯರು, ಓದು ಬಿಟ್ಟು ಹಸು ಕಟ್ಟಿದ ಹುಡುಗರು. ಮುಂದೆ ನಿಂತಿದ್ದ ಒಬ್ಬ ಹುಡುಗಿ ಪಕ್ಕದವಳನ್ನು ಮೆಲ್ಲಗೆ ಕೇಳಿದಳು.

"ಯಾವ ಜಯಮ್ಮ? ನೀರು ಹಾಕ್ತಿದ್ರಾ?"

ಆಗ ನನಗೆ ಅರ್ಥವಾಯಿತು. ನಿನ್ನ ಮೇಲಿನ ಅಪವಾದ ಕೇಳಿದ್ದವರು ಇಲ್ಲಿ ಉಳಿದಿಲ್ಲ. ಅದನ್ನು ಅಳಿಸಲು ಬಂದ ನಾನೇ ಈ ಹೊಸಬರಿಗೆ ಅದನ್ನು ಮೊದಲ ಸಲ ಹೇಳುತ್ತಿದ್ದೇನೆ. ಸೆಕ್ರೆಟರಿ, "ಮಂಜಮ್ಮಾ, ವ್ಯಾನ್ ಬರೋ ಹೊತ್ತು" ಅಂದರು. ನಾನು ಕೂರಲಿಲ್ಲ. ಆ ಹುಡುಗಿಯ ಮುಖವನ್ನೇ ನೋಡುತ್ತಾ ಮೊದಲಿನಿಂದ ಹೇಳತೊಡಗಿದೆ. ನೀನು ಯಾರ ಮನೆಯವಳು, ಗೌರಿಯ ಹಾಲು ಎಷ್ಟು ಗಟ್ಟಿಯಿತ್ತು, ಊರು ನಿನ್ನನ್ನು ಹೇಗೆ ನೋಡುತ್ತಿತ್ತು. ಸಾಲು ಕಾಯುತ್ತಿತ್ತು. ಹೇಳುವುದು ಇನ್ನೂ ಬಹಳ ಇತ್ತು.